ಮೊಬೈಲ್ ಪ್ರಶ್ನೋತ್ತರ: ಗಡಿಯ ರೇಂಜು, ಮಳೆಗಾಲದ ಚಾರ್ಜು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಗಡಿಯಾಚೆ ಕೇರಳದ ಮಂಜೇಶ್ವರ, ಕಾಸರಗೋಡು ತಾಲೂಕುಗಳವು. ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತ, ಆಂಧ್ರದ ಮಡಕಶಿರಾ ಕಡೆಯಿಂದಲೂ ಕೆಲವು ಬಂದಿವೆ. ಉತ್ತರಗಳಲ್ಲಿ ಕೊಟ್ಟಿರುವ ಮೆನು ಹೆಸರುಗಳು ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ಬೇರೆ. ಹೇಳಿದ ಜಾಗದಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಆ ಪದ ಹಾಕಿ ನೋಡಿ.

ಪ್ರಶ್ನೆ (ಅಡಿಕೆ ಕೃಷಿಕರು, ಬೆಳ್ಳೂರು): ನಮ್ಮದು ಪುತ್ತೂರಿನಲ್ಲಿ ತೆಗೆದ ಸಿಮ್. ಅಂಗಳದಲ್ಲಿ ನಿಂತರೆ ಕರ್ನಾಟಕದ ಟವರು, ಒಳಗೆ ಬಂದರೆ ಕೇರಳದ್ದು. ಮಾತಿನ ನಡುವೆ ಕಟ್ ಆಗುತ್ತದೆ, ನೆಟ್ ನಿಲ್ಲುತ್ತದೆ, ಮಧ್ಯಾಹ್ನಕ್ಕೆ ಚಾರ್ಜು ಖಾಲಿ. ಫೋನಿಗೆ ಎರಡೇ ವರ್ಷ. ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಬದಲಿಸುವುದೋ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಮಲಗುವಾಗ ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟು, ವೈಫೈ ಕೂಡ ಆಫ್ ಮಾಡಿ, ಚಾರ್ಜ್ ಎಷ್ಟಿದೆ ಎಂದು ಬರೆದಿಡಿ. ಬೆಳಿಗ್ಗೆಗೆ ಎರಡು ಮೂರು ಶೇಕಡಾ ಮಾತ್ರ ಇಳಿದಿದ್ದರೆ ಬ್ಯಾಟರಿಯಲ್ಲಿ ದೋಷವಿಲ್ಲ, ಚಾರ್ಜು ತಿನ್ನುತ್ತಿರುವುದು ಟವರ್ ಹುಡುಕಾಟ.

ಕಾರಣ ಹೀಗೆ. ನಮ್ಮ ದೇಶದಲ್ಲಿ ಮೊಬೈಲ್ ಪರವಾನಗಿ ವೃತ್ತದ (ಸರ್ಕಲ್) ಲೆಕ್ಕದಲ್ಲಿದೆ. ಕರ್ನಾಟಕ ಒಂದು ವೃತ್ತ, ಕೇರಳ ಇನ್ನೊಂದು. ಕಂಪೆನಿ ಒಂದೇ ಆದರೂ ಎರಡು ಕಡೆ ಅದರ ನೆಟ್‌ವರ್ಕ್ ಸಂಖ್ಯೆ ಬೇರೆ ಬೇರೆ. ಏರ್‌ಟೆಲ್‌ಗೆ ಕರ್ನಾಟಕದಲ್ಲಿ 404-45, ಕೇರಳದಲ್ಲಿ 404-95. ಬಿಎಸ್‌ಎನ್‌ಎಲ್‌ಗೆ 404-71 ಮತ್ತು 404-72. ನಿಮ್ಮ ಕಣ್ಣಿಗೆ ಒಂದೇ ಹೆಸರು ಕಂಡರೂ ಫೋನಿನ ಲೆಕ್ಕದಲ್ಲಿ ಇವು ಎರಡು ನೆಟ್‌ವರ್ಕ್. ಸಿಮ್ ತೆಗೆದ ವೃತ್ತದ ಟವರ್ ದುರ್ಬಲವಾದಾಗ ಫೋನು ಆಚೆಯದನ್ನು ಹಿಡಿಯುತ್ತದೆ, ಮತ್ತೆ ಮತ್ತೆ ತನ್ನ ವೃತ್ತದ್ದು ಸಿಗುತ್ತದೋ ಎಂದು ತಡಕಾಡುತ್ತದೆ. ನಡೆಯುತ್ತಿರುವ ಕರೆ ಒಂದು ವೃತ್ತದ ಟವರಿನಿಂದ ಇನ್ನೊಂದಕ್ಕೆ ಎಲ್ಲ ಕಡೆ ಸಲೀಸಾಗಿ ದಾಟುವುದಿಲ್ಲ, ಅಲ್ಲೇ ಕಡಿಯುತ್ತದೆ. ಜತೆಗೆ ರೇಂಜ್ ಕಡಿಮೆಯಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಟವರಿಗೆ ಕೂಗಬೇಕು. ಮಧ್ಯಾಹ್ನಕ್ಕೆ ಚಾರ್ಜು ಮುಗಿಯುವುದು ಇದರಿಂದ.

ಹಾಗಾದರೆ ಏನು ಮಾಡಬೇಕು? ಮನೆಯೊಳಗೆ ಯಾವ ಟವರ್ ಗಟ್ಟಿ ಎಂದು ಅಳೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರಲ್ಲಿ ‘ಸಿಮ್ ಸ್ಟೇಟಸ್’ ತೆರೆದರೆ ‘ಸಿಗ್ನಲ್ ಸ್ಟ್ರೆಂತ್’ ಎದುರು ಮೈನಸ್ ಚಿಹ್ನೆಯ ಸಂಖ್ಯೆ ಕಾಣುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. ಮೈನಸ್ 90ರ ಆಸುಪಾಸು ಉತ್ತಮ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120 ಅಂದರೆ ಇದ್ದೂ ಇಲ್ಲದ ಹಾಗೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಎಷ್ಟಕ್ಕೆ ಎಷ್ಟು ಕಡ್ಡಿ ಎಂಬುದು ಕಂಪೆನಿಗೊಂದು ಲೆಕ್ಕ.

ಆಮೇಲೆ ‘ನೆಟ್‌ವರ್ಕ್ ಆಂಡ್ ಇಂಟರ್ನೆಟ್’, ‘ಸಿಮ್ಸ್’ ಒಳಗೆ ಹೋಗಿ ‘ಆಟೊಮ್ಯಾಟಿಕಲಿ ಸೆಲೆಕ್ಟ್ ನೆಟ್‌ವರ್ಕ್’ ಆಫ್ ಮಾಡಿ. ಒಂದೆರಡು ನಿಮಿಷದಲ್ಲಿ ಪಟ್ಟಿ ಬರುತ್ತದೆ. ನಿಮ್ಮ ಕಂಪೆನಿಯ ಹೆಸರು ಎರಡು ಸಲ ಕಂಡರೆ ಒಂದೊಂದನ್ನೇ ಒತ್ತಿ, ಸಂಖ್ಯೆ ಅಳೆದು, ಗಟ್ಟಿಯಾದುದನ್ನು ಉಳಿಸಿಕೊಳ್ಳಿ. ಬೇರೆ ಕಂಪೆನಿಯ ಹೆಸರು ಒತ್ತಿ ಪ್ರಯೋಜನವಿಲ್ಲ, ಅದು ಒಳಗೆ ಬಿಡುವುದಿಲ್ಲ. ಕೇರಳದ ಟವರ್ ಆರಿಸಿದರೆ ಅದೇ ಪುಟದಲ್ಲಿ ‘ಡೇಟಾ ರೋಮಿಂಗ್’ ಆನ್ ಮಾಡಲೇಬೇಕು. ನೆಟ್ ನಿಲ್ಲುವುದಕ್ಕೆ ಗಡಿ ಊರುಗಳಲ್ಲಿ ನಾವು ಕಂಡ ಅತಿ ಸಾಮಾನ್ಯ ಕಾರಣ ಈ ಒಂದು ಸ್ವಿಚ್. ದೇಶದೊಳಗಿನ ರೋಮಿಂಗ್ ಈಗಿನ ಸಾಮಾನ್ಯ ಪ್ಯಾಕ್‌ಗಳಲ್ಲೇ ಸೇರಿರುವುದರಿಂದ ಅದನ್ನು ಆನ್ ಮಾಡಲು ಹೆದರಬೇಕಿಲ್ಲ. ವಿದೇಶಕ್ಕೆ ಹೋಗುವಾಗ ಮಾತ್ರ ಆಫ್ ಮಾಡಿ, ಗಲ್ಫ್ ವಿಮಾನ ಹತ್ತುವವರು ಇದನ್ನು ಮರೆಯಬಾರದು.

5ಜಿ ಫೋನ್ ಆಗಿದ್ದು, ಊರಿನಲ್ಲಿ 5ಜಿ ಬಂದು ಹೋಗಿ ಮಾಡುತ್ತಿದ್ದರೆ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ನಲ್ಲಿ ಎಲ್‌ಟಿಇ ಅಥವಾ 4ಜಿ ಆರಿಸಿ. ಗುಡ್ಡಗಾಡಿನಲ್ಲಿ ಸ್ಥಿರವಾದ 4ಜಿ ಇರುವುದೇ ಮೇಲು. ಮನೆಗೆ ಫೈಬರ್ ನೆಟ್ ಇದ್ದರೆ ‘ವೈಫೈ ಕಾಲಿಂಗ್’ ಆನ್ ಮಾಡಿ. ಆಗ ಕರೆ ಟವರಿನ ಬದಲು ಫೈಬರ್ ಮೂಲಕ ಹೋಗುತ್ತದೆ. ಆದರೆ ಕರೆಂಟು ಹೋಗಿ ರೌಟರ್ ನಿಂತರೆ ಕರೆಯೂ ನಿಲ್ಲುತ್ತದೆ. ರೌಟರಿಗೆ ಸಣ್ಣದೊಂದು ಬ್ಯಾಕಪ್ ಇಟ್ಟುಕೊಳ್ಳಿ.

ಒಂದು ಎಚ್ಚರ: ಕೈಯಿಂದ ನೆಟ್‌ವರ್ಕ್ ಆರಿಸಿಟ್ಟವರು ಪುತ್ತೂರಿಗೋ ಮಂಗಳೂರಿಗೋ ಹೊರಟಾಗ ಮತ್ತೆ ‘ಆಟೊಮ್ಯಾಟಿಕ್’ ಮಾಡಬೇಕು. ಇಲ್ಲದಿದ್ದರೆ ಪೇಟೆಯ ನಡುವೆ ನಿಂತರೂ ‘ನೋ ಸರ್ವಿಸ್’ ತೋರಿಸಬಹುದು.

ಪ್ರಶ್ನೆ (ಉಪ್ಪಳ): ಕರ್ನಾಟಕದ ನಂಬರನ್ನು ಹಾಗೇ ಇಟ್ಟುಕೊಂಡು ಕೇರಳದ ಸಿಮ್ ಮಾಡಿಸಿಕೊಳ್ಳಬಹುದೇ?

ಉತ್ತರ: ಆಗುತ್ತದೆ. ವೃತ್ತ ದಾಟಿ ಪೋರ್ಟ್ ಮಾಡುವ ಸೌಲಭ್ಯ 2015ರ ಜುಲೈಯಿಂದ ಇದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರುವ ಕೋಡ್ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪೆನಿಯ ಅಂಗಡಿಗೆ ಹೋಗಬೇಕು. ವೃತ್ತ ಬದಲಾಗುವುದಾದರೆ ಐದು ಕೆಲಸದ ದಿನ ಹಿಡಿಯುತ್ತದೆ. ಸಿಮ್ ಕಳೆದು ಬದಲಿ ಸಿಮ್ ತೆಗೆದು ಏಳು ದಿನ ಆಗದಿದ್ದರೆ ಕೋಡ್ ಸಿಗುವುದಿಲ್ಲ, ಇದು 2024ರ ಜುಲೈ 1ರಿಂದ ಬಂದ ನಿಯಮ.

ಪ್ರಶ್ನೆ (ದೇಲಂಪಾಡಿ): ನಮ್ಮಲ್ಲಿ ಬಿಎಸ್‌ಎನ್‌ಎಲ್ 4ಜಿ ಬಂದಿದೆ ಎನ್ನುತ್ತಾರೆ. ಪಕ್ಕದ ಮನೆಯಲ್ಲಿ ಓಡುತ್ತದೆ, ನನ್ನ ಫೋನಿನಲ್ಲಿ ಇಲ್ಲ. ಕೆಲವು ಸಲ ಬಂದರೂ ಯಾರಾದರೂ ಕರೆ ಮಾಡಿದ ಕೂಡಲೇ ನೆಟ್ ನಿಲ್ಲುತ್ತದೆ.

ಉತ್ತರ: ಮೂರು ಕಡೆ ನೋಡಬೇಕು. ಮೊದಲನೆಯದು ಸಿಮ್. ಹಳೆಯ 2ಜಿ, 3ಜಿ ಸಿಮ್ ಆಗಿದ್ದರೆ ಬಿಎಸ್‌ಎನ್‌ಎಲ್ ಕಚೇರಿಯಲ್ಲಿ 4ಜಿ ಸಿಮ್‌ಗೆ ಬದಲಿಸಬೇಕು, ನಂಬರ್ ಅದೇ ಇರುತ್ತದೆ. ಎರಡನೆಯದು ಫೋನಿನ ಬ್ಯಾಂಡ್, ಅಂದರೆ ಅದು ಹಿಡಿಯಬಲ್ಲ ತರಂಗಾಂತರ. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ 700 ಮೆಗಾಹರ್ಟ್ಸ್ ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಫೋನಿನ ಪೆಟ್ಟಿಗೆ ಮೇಲೆ ಅಥವಾ ಕಂಪೆನಿಯ ಜಾಲತಾಣದಲ್ಲಿ ಎಲ್‌ಟಿಇ ಬ್ಯಾಂಡ್‌ಗಳ ಪಟ್ಟಿಯಲ್ಲಿ 28 ಮತ್ತು 1 ಎಂಬ ಸಂಖ್ಯೆಗಳಿವೆಯೇ ನೋಡಿ. 28 ಅಂದರೆ 700. ಕಾಡು, ಗುಡ್ಡ ದಾಟಿ ದೂರ ಬರುವುದು, ಗೋಡೆಯೊಳಗೆ ನುಗ್ಗುವುದು ಅದೇ. ಹಳೆಯ ಅಗ್ಗದ ಫೋನುಗಳಲ್ಲಿ ಇಲ್ಲದಿರುವುದೂ ಹೆಚ್ಚಾಗಿ ಅದೇ. ಅದಿಲ್ಲದಿದ್ದರೆ ಯಾವ ಸೆಟ್ಟಿಂಗ್ ಬದಲಿಸಿದರೂ ಆ 700ರ ಸಿಗ್ನಲ್ ಬರುವುದಿಲ್ಲ, ಸುಮ್ಮನೆ ಮಂಡೆಬೆಚ್ಚ ಮಾಡಿಕೊಳ್ಳಬೇಡಿ.

ಮೂರನೆಯದು ವೋಲ್ಟ್ (ವಿಒಎಲ್‌ಟಿಇ), ಅಂದರೆ 4ಜಿಯಲ್ಲೇ ಕರೆ ಮಾಡುವ ವ್ಯವಸ್ಥೆ. ಕರೆ ಬಂದ ಕೂಡಲೇ ನೆಟ್ ನಿಲ್ಲುತ್ತದೆ ಎಂದರೆ ಫೋನು ಕರೆಗಾಗಿ 4ಜಿಯಿಂದ 2ಜಿಗೆ ಇಳಿಯುತ್ತಿದೆ ಎಂದರ್ಥ. ಸಿಮ್ ಸೆಟ್ಟಿಂಗ್‌ನಲ್ಲಿ ವೋಲ್ಟ್ ಅಥವಾ ‘4ಜಿ ಕಾಲಿಂಗ್’ ಆನ್ ಮಾಡಿ. ಆ ಸ್ವಿಚ್ ಆನ್ ಇದ್ದೂ ಹೀಗಾದರೆ 1503ಕ್ಕೆ ಕರೆ ಮಾಡಿ, ನಿಮ್ಮ ನಂಬರಿಗೆ ವೋಲ್ಟ್ ಸೇವೆ ತೆರೆದಿದೆಯೇ ಎಂದು ಕೇಳಿ. ಕಡ್ಡಿ ತುಂಬಿದ್ದೂ ನೆಟ್ ಓಡದಿದ್ದರೆ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ ನೋಡಿ, ಅಲ್ಲಿ ಎಪಿಎನ್ ಎದುರು ‘ಬಿಎಸ್‌ಎನ್‌ಎಲ್‌ನೆಟ್’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ ಇರಬೇಕು.

ಪ್ರಶ್ನೆ (ಗೃಹಿಣಿ, ಬದಿಯಡ್ಕ): ವಿಲೇಜ್ ಆಫೀಸು, ಪಂಚಾಯತಿಯಿಂದ ಬರುವ ಕಾಗದಗಳು ಮಲಯಾಳದಲ್ಲಿ ಇರುತ್ತವೆ. ನನಗೆ ಮಾತಾಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಪ್ರತಿ ಸಲ ಇನ್ನೊಬ್ಬರಲ್ಲಿ ಓದಿಸಲು ಸಂಕೋಚ. ಫೋನಿನಲ್ಲೇ ಓದಿಸಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಗೂಗಲ್ ಲೆನ್ಸ್ ಈ ಕೆಲಸ ಮಾಡುತ್ತದೆ, ಬೇರೆ ಯಾವ ಆ್ಯಪೂ ಬೇಡ. ಕಾಗದವನ್ನು ಮೇಜಿನ ಮೇಲೆ ಮಡಿಕೆ ಇಲ್ಲದಂತೆ ಹಾಸಿ, ಕಿಟಕಿಯ ಬೆಳಕಿನಲ್ಲಿ, ಫೋನಿನ ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಇಡೀ ಹಾಳೆಯನ್ನು ಒಂದೇ ಫೋಟೊದಲ್ಲಿ ತುರುಕುವ ಬದಲು ಮೇಲರ್ಧ, ಕೆಳಗಿನರ್ಧ ಎಂದು ಎರಡು ತೆಗೆದರೆ ಅಕ್ಷರ ಸ್ಪಷ್ಟ. ಫೋಟೊ ತೆರೆದು ಲೆನ್ಸ್ ಗುರುತು ಒತ್ತಿ, ‘ಟ್ರಾನ್ಸ್‌ಲೇಟ್’ ಆರಿಸಿ, ಮೂಲ ಭಾಷೆ ಮಲಯಾಳ, ಬೇಕಾದ ಭಾಷೆ ಕನ್ನಡ ಎಂದು ನೀವೇ ಹಾಕಿ. ಭಾಷೆ ಗುರುತಿಸುವ ಕೆಲಸವನ್ನು ಫೋನಿಗೇ ಬಿಟ್ಟರೆ ಇಂಗ್ಲಿಷ್ ಬೆರೆತ ಕಾಗದದಲ್ಲಿ ಎಡವುತ್ತದೆ. ನೆಟ್ ಆನ್ ಇರಲಿ.

ನಿಮಗೆ ಕೇಳಿದರೆ ಅರ್ಥವಾಗುವುದರಿಂದ ಇನ್ನೂ ಒಳ್ಳೆಯ ದಾರಿ ಇದೆ. ಅದೇ ಫೋಟೊದಲ್ಲಿ ‘ಟೆಕ್ಸ್ಟ್’ ಆರಿಸಿ ಅಕ್ಷರಗಳನ್ನು ಕಾಪಿ ಮಾಡಿ, ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಅಂಟಿಸಿ, ಮಲಯಾಳದ ಬದಿಯ ಸ್ಪೀಕರ್ ಚಿತ್ರ ಒತ್ತಿ. ಮಲಯಾಳವನ್ನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಅನುವಾದದಲ್ಲಿ ಕೆಡುವ ಅರ್ಥ ಹೀಗೆ ಕೇಳಿದಾಗ ಕೆಡುವುದಿಲ್ಲ.

ಕೆಡುವುದು ಎಲ್ಲಿ? ಕೈಬರಹದಲ್ಲಿ, ಮಾಸಿದ ರಬ್ಬರ್ ಸ್ಟ್ಯಾಂಪಿನಲ್ಲಿ, ಕಂದಾಯದ ಪದಗಳಲ್ಲಿ. ಜಾಗದ ಹಕ್ಕು ವರ್ಗಾವಣೆಗೆ ಮಲಯಾಳದಲ್ಲಿ ‘ಪೋಕ್ಕುವರವು’ ಎನ್ನುತ್ತಾರೆ. ಅಕ್ಷರಶಃ ನೋಡಿದರೆ ಹೋಗಿ ಬರುವುದು ಎಂದಾಗುವುದರಿಂದ, ಕನ್ನಡದ ಸಾಲಿನಲ್ಲಿ ಇದ್ದಕ್ಕಿದ್ದಂತೆ ‘ಸಂಚಾರ’ ಎಂದು ಕಂಡರೆ ಗಾಬರಿಯಾಗಬೇಡಿ. ಸರ್ವೆ ನಂಬರ್, ತಂಡಪ್ಪೇರ್ ನಂಬರ್ (ಜಾಗದ ಕಂದಾಯ ಖಾತೆಯ ಸಂಖ್ಯೆ), ಕೊನೆಯ ದಿನಾಂಕ, ಮೊತ್ತ, ಈ ನಾಲ್ಕನ್ನು ಮಾತ್ರ ಅನುವಾದದಲ್ಲಿ ನೋಡಬೇಡಿ, ಮೂಲ ಕಾಗದದಲ್ಲೇ ನೋಡಿ.

ಸಹಿ ಹಾಕಬೇಕಾದ ಕಾಗದವಾದರೆ ಫೋನಿನ ಅನುವಾದ ಸಾಲದು. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕನ್ನಡಿಗರಿಗಿದೆ. ಫೋನಿನಲ್ಲಿ ಓದಿಕೊಳ್ಳುವುದು ಸುಲಭ ಎಂದು ಆ ಹಕ್ಕನ್ನು ಕೈಬಿಡಬಾರದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ (ಕುಂಬಳೆ): ಗುರುತಿನವರ ನಂಬರಿನಿಂದಲೇ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕಾಗದ ಎಂದು ಒಂದು ಫೈಲ್ ಬಂತು. ಅಪ್ಪ ಒತ್ತಿದರು, ಏನೋ ಇನ್‌ಸ್ಟಾಲ್ ಆಯಿತು, ಆಮೇಲೆ ಅದು ಎಲ್ಲೂ ಕಾಣುವುದಿಲ್ಲ. ಈಗ ಅಪ್ಪನ ನಂಬರಿನಿಂದ ಎಲ್ಲರಿಗೂ ಅದೇ ಫೈಲ್ ಹೋಗುತ್ತಿದೆ. ಹಣ ಇನ್ನೂ ಹೋಗಿಲ್ಲ.

ಉತ್ತರ: ಹಣ ಹೋಗುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು. ಕೆಳಗಿನ ಅನುಕ್ರಮ ತಪ್ಪಿಸಬೇಡಿ.

ಮೊದಲು ಅಪ್ಪನ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆಫ್ ಆಗಿದೆಯೇ ಎಂದು ಬೇರೆಯಾಗಿ ನೋಡಿ. ಫ್ಲೈಟ್ ಮೋಡ್‌ನಲ್ಲೂ ವೈಫೈ ಉಳಿದುಕೊಳ್ಳುವ ಫೋನುಗಳಿವೆ. ಇಂಥ ಫೈಲಿನ ಕೆಲಸವೇ ಬರುವ ಎಸ್ಸೆಮ್ಮೆಸ್‌ಗಳನ್ನು ಓದಿ ಒಟಿಪಿಯನ್ನು ಕಳ್ಳರಿಗೆ ಕಳಿಸುವುದು. ನೆಟ್ ಇಲ್ಲದಿದ್ದರೆ ಅದರ ಕೈಕಾಲು ಆಡುವುದಿಲ್ಲ.

ನಂತರ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ಯುಪಿಐ, ಮೊಬೈಲ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲೇ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಗ್ರಾಹಕರ ಅಜಾಗ್ರತೆಯಿಂದ ಹೋದ ಹಣದ ಹೊಣೆ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಹಾಗಾಗಿ ದೂರು ಕೊಟ್ಟ ಹೊತ್ತು ಮುಖ್ಯ.

ಈಗ ಫೋನ್. ಐಕಾನ್ ಅಡಗಿಸಿಕೊಂಡರೂ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಲ್ಲಿ ಅದು ಇರಲೇಬೇಕು. ಹೆಸರಿಲ್ಲದ್ದು, ಖಾಲಿ ಚಿತ್ರದ್ದು, ಗೂಗಲ್ ಅಥವಾ ಬ್ಯಾಂಕಿನ ಹೆಸರನ್ನು ಅನುಕರಿಸಿದ್ದು ಯಾವುದಾದರೂ ಇದೆಯೇ ನೋಡಿ. ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿದ್ದರೆ ಆ ಆ್ಯಪ್ ತನಗೆ ‘ಡಿವೈಸ್ ಅಡ್ಮಿನ್’ ಅಧಿಕಾರ ತೆಗೆದುಕೊಂಡಿದೆ ಎಂದರ್ಥ. ‘ಡಿವೈಸ್ ಅಡ್ಮಿನ್’ ಎಂದು ಹುಡುಕಿ ಅಲ್ಲಿ ಆಫ್ ಮಾಡಿ, ‘ಆಕ್ಸೆಸಿಬಿಲಿಟಿ’ಯಲ್ಲೂ ಅದರ ಹೆಸರಿದ್ದರೆ ಆಫ್ ಮಾಡಿ, ಆಮೇಲೆ ತೆಗೆಯಿರಿ. ಪುಟ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ ಸೇಫ್ ಮೋಡ್‌ಗೆ ಹೋಗಿ: ಪವರ್ ಮೆನು ಬಂದಾಗ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಆ ಆಯ್ಕೆ ಬರುತ್ತದೆ. ಸೇಫ್ ಮೋಡ್‌ನಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡುವುದಿಲ್ಲ.

ಇಷ್ಟಾದರೂ ಆ ಫೋನನ್ನು ಬ್ಯಾಂಕ್ ಕೆಲಸಕ್ಕೆ ನಾವು ನಂಬುವುದಿಲ್ಲ. ಫೋಟೊ, ಕಾಂಟ್ಯಾಕ್ಟ್‌ಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ರೀಸೆಟ್‌ಗೆ ಮೊದಲೇ, ಬೇರೆ ಫೋನಿನಿಂದ ಬದಲಿಸಿ. ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ್ದು ಇದ್ದರೆ ಹೊರಹಾಕಿ, ‘ಟೂ ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ ಆರಂಕಿಯ ಪಿನ್ ಇಡಿ. ಡಯಲರಿನ ಕಾಲ್ ಸೆಟ್ಟಿಂಗ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ತೆರೆದು ಅಪರಿಚಿತ ನಂಬರ್ ಇದ್ದರೆ ಅಳಿಸಿ.

ಮನೆಯಲ್ಲಿ ಹಿರಿಯರ ಫೋನುಗಳಿದ್ದರೆ ಇವತ್ತೇ ಒಂದು ಕೆಲಸ ಮಾಡಿಡಿ: ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಎದುರು ಅನುಮತಿ ತೆಗೆದುಬಿಡಿ. ಮದುವೆ ಕಾಗದ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್. ವಾಹನದ ಚಲನ್, ಕಿಸಾನ್ ಹಣ ಎಂದು ಹೆಸರಿಟ್ಟು ಬರುವ ಫೈಲುಗಳೂ ಇದೇ ಜಾತಿಯವು.

ಪ್ರಶ್ನೆ (ತಾಳವಾಡಿ): ಚಾಮರಾಜನಗರದ ಬ್ಯಾಂಕ್ ಖಾತೆ, ಕರ್ನಾಟಕದ ಸಿಮ್. ಸಿಮ್ ಕೆಟ್ಟು ನಿನ್ನೆ ಹೊಸದು ತೆಗೆದೆ. ಯುಪಿಐ ಆ್ಯಪ್ ‘ಎಸ್ಸೆಮ್ಮೆಸ್ ಕಳಿಸಲಾಗಲಿಲ್ಲ’ ಎಂದು ನಿಲ್ಲುತ್ತದೆ. ತಮಿಳುನಾಡಿನಲ್ಲಿ ಇರುವುದರಿಂದಲೇ?

ಉತ್ತರ: ಅಲ್ಲ. ಬದಲಿ ಸಿಮ್ ಚಾಲೂ ಆದ ಮೇಲೆ 24 ಗಂಟೆ ಅದರಲ್ಲಿ ಎಸ್ಸೆಮ್ಮೆಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಕಳ್ಳರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಒಟಿಪಿ ಕದಿಯಬಾರದೆಂದು 2022ರಲ್ಲಿ ದೂರಸಂಪರ್ಕ ಇಲಾಖೆ ತಂದ ನಿಯಮ ಇದು. ಒಂದು ದಿನ ಕಾಯಿರಿ.

ಆಮೇಲೂ ಆಗದಿದ್ದರೆ ಹೀಗೆ ನೋಡಿ. ಯುಪಿಐ ಆ್ಯಪ್ ನೋಂದಣಿಗೆ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಅದು ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್‌ನಿಂದಲೇ ಹೋಗಬೇಕು. ಎರಡು ಸಿಮ್ ಇದ್ದರೆ ಎಸ್ಸೆಮ್ಮೆಸ್‌ಗೆ ಯಾವುದು ಎಂದು ಸರಿಯಾಗಿ ಆರಿಸಿ, ಇಲ್ಲವೇ ಇನ್ನೊಂದನ್ನು ಹತ್ತು ನಿಮಿಷ ಆಫ್ ಮಾಡಿ. ರೀಚಾರ್ಜ್ ಅವಧಿ ಮುಗಿದ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗುವುದಿಲ್ಲ. ವಿಪಿಎನ್ ಇದ್ದರೆ ಆಫ್ ಮಾಡಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ರೇಂಜ್ ಚೆನ್ನಾಗಿರುವ ಕಡೆ ನಿಂತು ಮಾಡಿ. ನೋಂದಣಿ ಆದ ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ, ಅದನ್ನು ದೋಷ ಎಂದುಕೊಳ್ಳಬೇಡಿ.

ಪ್ರಶ್ನೆ (ಪೈವಳಿಕೆ): ಮಳೆ ಶುರುವಾದ ಮೇಲೆ ಚಾರ್ಜರ್ ಚುಚ್ಚಿದರೆ ನೀರಿನ ಹನಿಯ ಚಿತ್ರ ಬಂದು ಚಾರ್ಜ್ ಆಗುವುದಿಲ್ಲ. ಫೋನ್ ನೀರಿಗೆ ಬಿದ್ದಿಲ್ಲ. ಅಕ್ಕಿ ಡಬ್ಬದಲ್ಲಿಟ್ಟು ನೋಡಿದೆ.

ಉತ್ತರ: ಡಬ್ಬದಿಂದ ತೆಗೆಯಿರಿ. ಅಕ್ಕಿಯ ಹುಡಿ ಚಾರ್ಜರ್ ಚುಚ್ಚುವ ಪೋರ್ಟಿನೊಳಗೆ ಸೇರಿ ಇನ್ನಷ್ಟು ಕೆಡಿಸುತ್ತದೆ. ಆ್ಯಪಲ್ ಕಂಪೆನಿ 2024ರಲ್ಲಿ ತನ್ನ ಸಲಹಾ ಪುಟದಲ್ಲೇ ಅಕ್ಕಿ ಬೇಡ ಎಂದು ಬರೆಯಿತು.

ಪೋರ್ಟಿನ ಪಿನ್‌ಗಳ ನಡುವೆ ತೇವದ ಪಸೆ ಇದ್ದರೂ ಫೋನು ಚಾರ್ಜ್ ತಡೆಯುತ್ತದೆ. ತಡೆಯದಿದ್ದರೆ ಕರೆಂಟು ಹರಿದು ಪಿನ್ ಹಸಿರುಗಟ್ಟಿ ತಿಂದುಹೋಗುತ್ತದೆ. ಬೆವರಿದ ಕಿಸೆ, ಒದ್ದೆ ರೈನ್‌ಕೋಟು, ಅಡುಗೆಮನೆಯ ಹಬೆ ಇಷ್ಟೇ ಸಾಕು. ಫೋನ್ ಆಫ್ ಮಾಡಿ, ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಎದುರು ಕನಿಷ್ಠ ಅರ್ಧ ಗಂಟೆ ಇಡಿ. ಪೂರ್ತಿ ಒಣಗಲು ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಹೇರ್ ಡ್ರೈಯರ್, ಒಲೆಯ ಬದಿ, ಬಾಯಿಯಿಂದ ಊದುವುದು ಮೂರೂ ಬೇಡ. ಪಿನ್ನು, ಸೂಜಿ ಹಾಕಲೇಬೇಡಿ. ಕೇಬಲಿನ ತುದಿಯನ್ನೂ ನೋಡಿ, ಬಹಳ ಸಲ ಒದ್ದೆ ಇರುವುದು ಅದೇ. ಅಷ್ಟರಲ್ಲಿ ಚಾರ್ಜು ತುರ್ತಾಗಿ ಬೇಕಿದ್ದು, ವೈರ್‌ಲೆಸ್ ಚಾರ್ಜ್ ಆಗುವ ಫೋನ್ ಆಗಿದ್ದರೆ ಹಿಂಬದಿ ಒರೆಸಿ ಅದರಲ್ಲಿ ಮಾಡಬಹುದು.

ಒಣಗಿ ಎರಡು ದಿನವಾದರೂ ಹನಿಯ ಚಿತ್ರ ಹೋಗದಿದ್ದರೆ ಅದು ಸಾಫ್ಟ್‌ವೇರಿನಲ್ಲಿ ಉಳಿದ ಎಚ್ಚರಿಕೆ ಇರಬಹುದು. ಸ್ಯಾಮ್‌ಸಂಗ್ ಫೋನಿನಲ್ಲಿ ‘ಆ್ಯಪ್ಸ್’ ಪಟ್ಟಿಗೆ ಹೋಗಿ ಸಿಸ್ಟಮ್ ಆ್ಯಪ್‌ಗಳನ್ನು ತೋರಿಸುವಂತೆ ಮಾಡಿ, ‘ಯುಎಸ್‌ಬಿ ಸೆಟ್ಟಿಂಗ್ಸ್’ ತೆರೆದು ‘ಸ್ಟೋರೇಜ್’ನಲ್ಲಿ ಕ್ಯಾಶ್ ಅಳಿಸಿ, ಫೋನ್ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಹೋಗದಿದ್ದರೆ ಪೋರ್ಟ್ ತುಕ್ಕು ಹಿಡಿದಿದೆ. ಅಂಗಡಿಯಲ್ಲಿ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಸಿ ನೋಡಿ, ಚಾರ್ಜಿಂಗ್ ಬೋರ್ಡ್ ಬದಲಿಸುವುದು ಆಮೇಲೆ.

ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಚಾರ್ಜರನ್ನೇ ಪ್ಲಗ್ಗಿನಿಂದ ಕೀಳಿ. ಸಿಡಿಲಿನ ಏರುವೋಲ್ಟೇಜಿಗೆ ಸ್ವಿಚ್ಚಿನೊಳಗಿನ ಸಣ್ಣ ಅಂತರ ದೊಡ್ಡ ತಡೆಯಲ್ಲ.

ಪ್ರಶ್ನೆ (ಮುಳ್ಳೇರಿಯ): ಯಕ್ಷಗಾನದ ಗ್ರೂಪುಗಳೇ ಆರು. ಆಟದ ವಿಡಿಯೊ ತುಂಬಿ ಫೋನಿನಲ್ಲಿ ಜಾಗವಿಲ್ಲ. ಗ್ರೂಪ್ ಬಿಡಲು ಮನಸ್ಸಿಲ್ಲ.

ಉತ್ತರ: ಬಿಡಬೇಡಿ. ವಾಟ್ಸ್ಆ್ಯಪ್‌ನ ‘ಸ್ಟೋರೇಜ್ ಆಂಡ್ ಡೇಟಾ’ದಲ್ಲಿ ತಾನಾಗಿ ಇಳಿಯುವ ವಿಡಿಯೊಗಳನ್ನು ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ತೆಗೆದುಹಾಕಿ. ಬೇಕಾದ ಪದ್ಯವನ್ನು ಒತ್ತಿದಾಗ ಮಾತ್ರ ಇಳಿಯುತ್ತದೆ. ಈಗ ತುಂಬಿರುವುದನ್ನು ಅಲ್ಲೇ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ ‘5 ಎಂಬಿಗಿಂತ ದೊಡ್ಡದು’ ಎಂಬ ಸಾಲಿನಿಂದ ಆರಿಸಿ ಅಳಿಸಿ. ಗ್ಯಾಲರಿಯಲ್ಲಿ ಅಳಿಸಿದರೆ ಅದು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲೇ ಕೂತಿರುತ್ತದೆ, ಬುಟ್ಟಿಯನ್ನೂ ಖಾಲಿ ಮಾಡಬೇಕು. ಚಾಟ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ಆಫ್ ಮಾಡಿ. 2024ರಿಂದ ವಾಟ್ಸ್ಆ್ಯಪ್ ಬ್ಯಾಕಪ್ ಗೂಗಲ್‌ನ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಬರುತ್ತದೆ, ಅದು ತುಂಬಿದರೆ ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲುತ್ತದೆ.

ಪ್ರಶ್ನೆ (ಮಡಕಶಿರಾ): 2019ರ ಫೋನ್, ಆಂಡ್ರಾಯ್ಡ್ 9. ಅಪ್‌ಡೇಟ್ ಬರುವುದಿಲ್ಲ. ಕೆಲಸ ಮಾಡುತ್ತಿರುವ ಫೋನನ್ನು ಬಿಸಾಡಬೇಕೇ?

ಉತ್ತರ: ಬಿಸಾಡಬೇಕಿಲ್ಲ, ಆದರೆ ಬ್ಯಾಂಕಿನ ಕೆಲಸಕ್ಕೆ ಇನ್ನು ಬೇಡ. 2025ರ ಆಗಸ್ಟ್‌ನಿಂದ ಕ್ರೋಮ್‌ನ ಹೊಸ ಆವೃತ್ತಿಗಳು ಆಂಡ್ರಾಯ್ಡ್ 10 ಮತ್ತು ಮೇಲಿನದಕ್ಕೆ ಮಾತ್ರ. ನಿಮ್ಮ ಬ್ರೌಸರಿನ ತೂತುಗಳನ್ನು ಇನ್ನು ಮುಚ್ಚುವವರಿಲ್ಲ. ಹಾಡು, ಟಾರ್ಚು, ಕರೆ, ಮಕ್ಕಳ ಪಾಠದ ವಿಡಿಯೊಗೆ ಅದು ಇರಲಿ.

ಹೊಸದು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಎಂದು ಕೇಳಿ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24 ಬಂದಲ್ಲಿಂದ ದುಬಾರಿ ಫೋನುಗಳಲ್ಲಿ ಏಳು ವರ್ಷದ ಮಾತು ಕೊಡುತ್ತಿದ್ದಾರೆ. ಅಷ್ಟು ದುಬಾರಿಯಲ್ಲದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ ಎಂದಿದ್ದಾರೆ. ಅಂಗಡಿಯಲ್ಲಿ ಹೇಳದ ಸಂಗತಿ ಒಂದಿದೆ: ಈ ವರ್ಷಗಳನ್ನು ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೆಯ ಮಾದರಿಯನ್ನು ಹಬ್ಬದ ರಿಯಾಯಿತಿಯಲ್ಲಿ ತೆಗೆದರೆ ಎರಡು ವರ್ಷ ಆಗಲೇ ಕಳೆದಿದೆ.

ಸೆಕೆಂಡ್ ಹ್ಯಾಂಡ್ ತೆಗೆಯುವುದಾದರೆ *#06# ಒತ್ತಿ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತು ಸಂಖ್ಯೆ) ನೋಡಿ, ಇಂಗ್ಲಿಷಿನಲ್ಲಿ ‘ಕೆವೈಎಂ’ ಎಂದು ಬರೆದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕಳವಾಗಿ ಬ್ಲಾಕ್ ಆದ ಫೋನ್ ಆಗಿದ್ದರೆ ಹಣ ಕೊಡುವ ಮೊದಲೇ ಗೊತ್ತಾಗುತ್ತದೆ.

ಪ್ರಶ್ನೆ (ಶಿಕ್ಷಕಿ, ಜತ್ತ): ಫೋನ್ ಮರಾಠಿಯಲ್ಲಿದೆ, ಮನೆಯವರಿಗೆ ಅದೇ ಬೇಕು. ನನಗೆ ವಾಟ್ಸ್ಆ್ಯಪ್ ಮಾತ್ರ ಕನ್ನಡದಲ್ಲಿ ಬೇಕು. ಟೈಪಿಂಗ್ ಕೂಡ.

ಉತ್ತರ: ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ‘ಆ್ಯಪ್ ಲ್ಯಾಂಗ್ವೇಜ್’ ಇದೆ, ಕನ್ನಡ ಆರಿಸಿ. ಆಂಡ್ರಾಯ್ಡ್ 13ರಿಂದ ಈಚೆಗೆ ಸೆಟ್ಟಿಂಗ್ಸ್‌ನ ಭಾಷಾ ಪುಟದಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಇಡಬಹುದು. ಟೈಪಿಂಗ್‌ಗೆ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸುವಾಗ ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದು, ಬೆರಳಲ್ಲಿ ಬರೆಯುವುದು ಎಂಬ ಮೂರು ದಾರಿ ಸಿಗುತ್ತವೆ. ಮರಾಠಿ ಜತೆಗಿದ್ದರೆ ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದು ಭಾಷೆ ಬದಲಿಸಿ. ‘ರ‍್ಯಾಂಕ್’ನಂಥ ಪದಗಳಲ್ಲಿ ಅರ್ಕಾವೊತ್ತು ಬಂದು ಕೆಟ್ಟರೆ, ಸರಿಯಾಗಿ ಅಚ್ಚಾದ ಪದವನ್ನು ಎಲ್ಲಿಂದಾದರೂ ಕಾಪಿ ಮಾಡಿ ಜಿಬೋರ್ಡ್‌ನ ‘ಡಿಕ್ಷನರಿ’ಯಲ್ಲಿ ಎರಡಕ್ಷರದ ಶಾರ್ಟ್‌ಕಟ್ ಕೊಟ್ಟು ಸೇರಿಸಿಡಿ.

ಪ್ರಶ್ನೆ (ಮಂಜೇಶ್ವರ): ತುಳು ಲಿಪಿಯಲ್ಲಿ ಕಳಿಸಿದ ಸಂದೇಶ ನನ್ನ ಫೋನಿನಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ.

ಉತ್ತರ: ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರ ಸೆಪ್ಟೆಂಬರಿನಲ್ಲಿ, 16.0 ಆವೃತ್ತಿಯಲ್ಲಿ. ಅದರ ಫಾಂಟ್ ಇಲ್ಲದ ಫೋನಿನಲ್ಲಿ ಚೌಕವೇ ಕಾಣುವುದು. ಸದ್ಯ ತುಳುವನ್ನು ಕನ್ನಡ ಲಿಪಿಯಲ್ಲೇ ಬರೆದರೆ ಎಲ್ಲರಿಗೂ ಕಾಣುತ್ತದೆ. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಬಂದ ತುಳು ಕೂಡ ಕನ್ನಡ ಲಿಪಿಯದ್ದೇ.

ಪ್ರಶ್ನೆ (ಅಡೂರು): ಅಜ್ಜಿಗೆ ಗುಂಡಿ ಒತ್ತುವ ಫೋನು, ನೆಟ್ ಬೇಡವೇ ಬೇಡ. ಆದರೂ ಡೇಟಾ ಸೇರಿದ ಪ್ಯಾಕನ್ನೇ ಹಾಕಬೇಕೆಂದು ರೀಚಾರ್ಜ್ ಅಂಗಡಿಯವರು ಹೇಳುತ್ತಾರೆ.

ಉತ್ತರ: ಹಾಕಬೇಕಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಕಂಪೆನಿಗಳು ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ, ಅವಧಿ 365 ದಿನದವರೆಗೂ ಇರಬಹುದು. ಕಂಪೆನಿಯ ಆ್ಯಪ್‌ನಲ್ಲಿ ಅಜ್ಜಿಯ ನಂಬರ್ ಹಾಕಿ ‘ವಾಯ್ಸ್ ಓನ್ಲಿ’ ಎಂಬ ಸಾಲನ್ನು ಹುಡುಕಿ, ಅದು ಪಟ್ಟಿಯ ತಳದಲ್ಲಿ ಇರುವುದೇ ಹೆಚ್ಚು. ವರ್ಷದ ಪ್ಯಾಕ್ ಹಾಕಿದರೆ ಅವಧಿ ಮುಗಿಯುವ ದಿನವನ್ನು ಫೋನಿನ ಹಿಂಬದಿಗೆ ಚೀಟಿ ಅಂಟಿಸಿ ಬರೆದಿಡಿ, ಕಂಪೆನಿಯ ನೆನಪೋಲೆ ಬರುವುದು ಅಜ್ಜಿ ತೆರೆದು ನೋಡದ ಎಸ್ಸೆಮ್ಮೆಸ್‌ನಲ್ಲಿ.